ಮಳೆಗೆ ನಾಲ್ಕು ಹೆಸರು: ಅಧ್ಯಾಪಕರಿಗಾಗಿ ನಡೆದ ಒಂದು ಆನ್‌ಲೈನ್ ಕೋರ್ಸಿನ ಬಗ್ಗೆ

1,500 ರೂಪಾಯಿ, ಎಂಟು ವಾರ, ವಾರಕ್ಕೆ ಎರಡು ರಾತ್ರಿ. ಕಳೆದ ಮಳೆಗಾಲದಲ್ಲಿ ನಾನು ಸೇರಿದ ಕೋರ್ಸಿನ ಲೆಕ್ಕ ಇಷ್ಟು. ನಮ್ಮ ಕ್ಲಾಸಿಗೆ ಬೇಕಾದ ಪಾಠದ ವಸ್ತುಗಳನ್ನು ಕಂಪ್ಯೂಟರಿನಲ್ಲಿ, ಕನ್ನಡದಲ್ಲಿ ನಾವೇ ಮಾಡಲು ಕಲಿಸುವ ಕೋರ್ಸು ಇದು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ನಮ್ಮ ಕಡೆಯ ಕನ್ನಡ ಮಾಧ್ಯಮದ ಅಧ್ಯಾಪಕರು ಯಾರಾದರೂ ಸೇರುವುದಾ ಬೇಡವಾ ಎಂದು ಯೋಚಿಸುತ್ತಿದ್ದರೆ, ಸೇರಿ ಎಂದೇ ಹೇಳುತ್ತೇನೆ. ಆದರೆ ಕೆಲವು ವಿಷಯ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಕೋರ್ಸು ನಡೆಸುವವರು ಮೂವರು. ಇಬ್ಬರು ನಿವೃತ್ತ ಅಧ್ಯಾಪಕರು, ಒಬ್ಬರು ಕಂಪ್ಯೂಟರ್ ಕೆಲಸದವರು. ಒಂದು ತಂಡಕ್ಕೆ ಇಪ್ಪತ್ತೇ ಜನ. ಹೆಸರು ಹಾಕಬೇಡಿ, ಕೇಳಿಕೊಂಡು ಬಂದವರಿಗೆ ಜಾಗ ಇಲ್ಲ ಎನ್ನುವುದು ಕಷ್ಟ ಎಂದು ಅವರೇ ಹೇಳಿದ್ದಾರೆ. ಹಾಗಾಗಿ ಹೆಸರು ಬರೆದಿಲ್ಲ. ಪರಿಚಯದವರು ಕೇಳಿದರೆ ವಿವರ ಕೊಡುತ್ತೇನೆ.

ನನ್ನ ಬಗ್ಗೆಯೂ ಎರಡು ಮಾತು ಬೇಕು, ಇಲ್ಲದಿದ್ದರೆ ಅಭಿಪ್ರಾಯ ಎಲ್ಲಿಂದ ಬಂತು ಎಂದು ಗೊತ್ತಾಗುವುದಿಲ್ಲ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಂದು ಯುಪಿ (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಇಪ್ಪತ್ತಮೂರು ವರ್ಷ ಆಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯ ಕಾಗದ ಹೆಚ್ಚಾಗಿ ಮಲಯಾಳ. ಇಲ್ಲಿಯವರಿಗೆ ಇದೇನೂ ಹೊಸತಲ್ಲ, ಅಲ್ವಾ?

ಕಂಪ್ಯೂಟರೂ ನಮಗೆ ಹೊಸತಲ್ಲ. ಕೇರಳದಲ್ಲಿ ಶಾಲೆಗಳಿಗೆ ಕಂಪ್ಯೂಟರ್ ತರುವ ಸರಕಾರಿ ಯೋಜನೆ ಐಟಿ ಅಟ್ ಸ್ಕೂಲ್ 2001ರಲ್ಲೇ ಶುರುವಾಯಿತು. 2017ರಲ್ಲಿ ಅದೇ ಕೈಟ್ ಎಂಬ ಸರಕಾರಿ ಸಂಸ್ಥೆ ಆಯಿತು. ಹೈಟೆಕ್ ಯೋಜನೆಯಲ್ಲಿ ರಾಜ್ಯದ 45,000 ತರಗತಿಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದವು. ಕೇಂದ್ರದ ಆನ್‌ಲೈನ್ ಪಾಠಗಳ ತಾಣ ದೀಕ್ಷಾ 2017ರಲ್ಲಿ ಬಂತು. 2020ರಲ್ಲಿ ಅಧ್ಯಾಪಕರಿಗೆ ಕೇಂದ್ರ ಕೊಡುವ ನಿಷ್ಠಾ ತರಬೇತಿ ಆನ್‌ಲೈನ್ ಆಯಿತು, ಎಲಿಮೆಂಟರಿಯವರಿಗೆ 18 ಮಾಡ್ಯೂಲು. ವರ್ಷಕ್ಕೆ 50 ಗಂಟೆ ಅಧ್ಯಾಪಕರೂ ಕಲಿಯಬೇಕು ಎಂದು ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಅಂದರೆ ತರಬೇತಿಗೆ ಬರ ಇರಲಿಲ್ಲ. ನನಗೆ ಬೇಕಾದದ್ದು ಬೇರೆ. ಬೇರೆಯವರು ಮಾಡಿಟ್ಟದ್ದನ್ನು ಪರದೆಯ ಮೇಲೆ ತೋರಿಸಲು ನನಗೆ ಬರುತ್ತಿತ್ತು. ನನ್ನ ಕ್ಲಾಸಿನ ಮಕ್ಕಳಿಗೆ, ನನ್ನ ಪಾಠಕ್ಕೆ, ಕನ್ನಡದಲ್ಲಿ ಒಂದು ವಸ್ತುವನ್ನು ನಾನೇ ಕೂತು ಮಾಡಲು ಬರುತ್ತಿರಲಿಲ್ಲ.

ಈ ಕೊರಗು 2020ರದ್ದು. ಕೊರೊನಾದಿಂದ ಶಾಲೆ ಮುಚ್ಚಿದ್ದ ಆ ವರ್ಷ ಜೂನ್ 1ಕ್ಕೆ ಕೈಟ್ ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ಪಾಠಗಳು ಶುರುವಾದವು. ಅದರ ಜೊತೆಗೆ ನಾವು ನಮ್ಮ ನಮ್ಮ ಮಕ್ಕಳಿಗೆ ವಾಟ್ಸ್ಯಾಪಿನಲ್ಲಿ ಪಾಠ ಓದಿ ಕಳಿಸುತ್ತಿದ್ದೆವು. ನಮ್ಮ ಮನೆಯ ಒಳಗೆ ರೇಂಜ್ ಇಲ್ಲ. ತೋಟದ ಕಡೆ ಹೋಗಿ ಹಲಸಿನ ಮರದ ಬುಡದಲ್ಲಿ ನಿಂತು ಪದ್ಯ ಓದುತ್ತಿದ್ದೆ. ಒಂದು ದಿನ ಒಬ್ಬ ತಾಯಿ ಫೋನ್ ಮಾಡಿದರು. "ಟೀಚರೇ, ನೀವು ಹೇಳಿದ್ದು ಏನೂ ಕೇಳುವುದಿಲ್ಲ, ಗಾಳಿ ಮಾತ್ರ ಕೇಳುವುದು. ಆದರೂ ಮಗು ಅದನ್ನೇ ನಾಲ್ಕು ಸಲ ಹಾಕಿ ಕೇಳಿತು." ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ. ಮಗು ಕಿವಿಗೊಟ್ಟು ಕೂತಿದೆ, ನಾನು ಕಳಿಸಿದ್ದು ಗಾಳಿ.

ಆಮೇಲೆ ಒಂದು ಕಂಪೆನಿಯ ಕೋರ್ಸಿಗೆ ಸೇರಿದ್ದೆ. ಅದರ ಹೆಸರೂ ಬೇಡ. ಇಂಗ್ಲಿಷ್ ವೀಡಿಯೊ, ಕೊನೆಗೆ ಹತ್ತು ಪ್ರಶ್ನೆ, ಕೂಡಲೇ ಸರ್ಟಿಫಿಕೇಟು. ವೀಡಿಯೊ ಓಡಿಸಿ ಬಿಟ್ಟು ಅಡುಗೆ ಮಾಡಿದರೂ ಸರ್ಟಿಫಿಕೇಟು ಬರುತ್ತಿತ್ತು. ನಾನು ಏನು ಮಾಡಿದೆ ಎಂದು ಒಬ್ಬರೂ ನೋಡಲಿಲ್ಲ. ಈ ಎಂಟು ವಾರದ ಕೋರ್ಸು ಬೇರೆ ಎನಿಸಿದ್ದು ಇದೊಂದೇ ಕಾರಣಕ್ಕೆ. ಇಲ್ಲಿ ಪ್ರತಿ ವಾರ ಏನಾದರೂ ಮಾಡಿ ಹಾಕಬೇಕು. ಅದೂ ನಿಮ್ಮ ಕ್ಲಾಸಿಗೆ ಬೇಕಾದದ್ದೇ ಆಗಬೇಕು. ಹಾಕಿದ್ದನ್ನು ಒಬ್ಬರು ಪೂರ್ತಿ ನೋಡಿ, ಕೇಳಿ, ಎಲ್ಲಿ ಸರಿಯಿಲ್ಲ ಎಂದು ಕನ್ನಡದಲ್ಲಿ ಬರೆದು ಕಳಿಸುತ್ತಾರೆ.

ಮೊದಲ ವಾರ ಪೂರ್ತಿ ಟೈಪಿಂಗ್. ಇಷ್ಟಕ್ಕೆ ಒಂದು ವಾರ ಬೇಕಾ ಎಂದು ಮೊದಲು ಅನಿಸಿತು. ಬೇಕು. ಇಷ್ಟು ವರ್ಷ ನಾನು ಮೊಬೈಲಿನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಒತ್ತಿ ಕನ್ನಡ ಬರಿಸುತ್ತಿದ್ದೆ. ಪ್ರಶ್ನೆಪತ್ರಿಕೆ ಆದರೆ ಕೈಯಲ್ಲಿ ಬರೆದು ಪೇಟೆಯ ಡಿಟಿಪಿ ಅಂಗಡಿಗೆ ಕೊಡುತ್ತಿದ್ದೆ. ಇಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಕಲಿಸಿದರು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದದ್ದು, ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಇರುವುದೂ ಇದೇ. ಇದರ ಗುಟ್ಟು ಎಫ್ ಕೀಲಿಯಲ್ಲಿದೆ. ಒತ್ತಕ್ಷರ ಬೇಕಾದಲ್ಲೆಲ್ಲ ಎಫ್. 'ಅಕ್ಷರ' ಎಂದು ಬರೆಯಲು ಎ, ಕೆ, ಎಫ್, ಎಕ್ಸ್, ಆರ್. ಐದೇ ಒತ್ತು. ಅ, ಕ, ಎರಡನ್ನು ಸೇರಿಸುವ ಕೊಂಡಿ, ಷ, ರ. ನಾವು ಒಂದನೇ ಕ್ಲಾಸಿನಲ್ಲಿ ಮಕ್ಕಳಿಗೆ ಕ್ಷ ಎಂದರೆ ಕ-ಕ್ಕೆ ಷ-ದ ಒತ್ತು ಎಂದು ಬಿಡಿಸಿ ಹೇಳುವ ಕ್ರಮವೇ ಅದು. ಬೆರಳಿಗೆ ಕನ್ನಡದ ಕಾಗುಣಿತ ಗೊತ್ತಾದ ಹಾಗೆ ಆಯಿತು. ಐದನೆಯ ದಿನಕ್ಕೆ ನೋಡದೆ ಒಂದು ಪುಟ ಬರೆದೆ.

ಇಲ್ಲಿ ಒಂದು ಎಚ್ಚರ ಹೇಳಬೇಕು. ಕೋರ್ಸಿನ ಪಾಠ ಇರುವುದು ವಿಂಡೋಸ್ ಲೆಕ್ಕದಲ್ಲಿ. ನಮ್ಮ ಶಾಲೆಯ ಲ್ಯಾಪ್‌ಟಾಪಿನಲ್ಲಿ ಇರುವುದು ಕೈಟ್‌ನ ಲಿನಕ್ಸು, ವಿಂಡೋಸಿನ ಬದಲಿಗೆ ಓಡುವ ಉಚಿತ ವ್ಯವಸ್ಥೆ. ನುಡಿ ಹಾಗೆಯೇ ಅದರಲ್ಲಿ ಕೂರುವುದಿಲ್ಲ. ಕೇರಳದವರು ನಾವು ಐದು ಜನ ಇದ್ದೆವು. ಮೊದಲ ಎರಡು ದಿನ ಸುಮ್ನೆ ನೋಡುತ್ತಾ ಕೂತೆವು. ಶನಿವಾರ ರಾತ್ರಿ ಹೇಳಿದಾಗ ಕಂಪ್ಯೂಟರಿನ ಅಣ್ಣ ಅರ್ಧ ಗಂಟೆ ನಮಗೇ ಕೊಟ್ಟರು. ಲಿನಕ್ಸಿನಲ್ಲಿ ಐಬಸ್ ಎಂಬ ವ್ಯವಸ್ಥೆಯೊಳಗೆ ಕಗಪ ವಿನ್ಯಾಸ ಸಿಗುತ್ತದೆ, ಒಮ್ಮೆ ಸೇರಿಸಿಕೊಂಡರೆ ಸಾಕು ಎಂದು ಪರದೆಯಲ್ಲೇ ತೋರಿಸಿದರು. ಸಮಸ್ಯೆ ಮುಗಿಯಿತು. ಆದರೆ ಗಡಿನಾಡಿನವರು ಸೇರುತ್ತಾರೆ ಎಂದು ಗೊತ್ತಿದ್ದ ಮೇಲೆ ಇದು ಪಾಠದಲ್ಲೇ ಇರಬೇಕಿತ್ತು.

ಎರಡನೆಯ ವಾರ ಹಳೆಯ ಕಡತಗಳದ್ದು. ನನಗೆ ದುಡ್ಡು ವಸೂಲಾದದ್ದು ಇಲ್ಲಿಯೇ ಎನ್ನಬಹುದು. ಹದಿನೈದು ವರ್ಷದ ಪ್ರಶ್ನೆಪತ್ರಿಕೆ, ಶಾಲಾ ದಿನದ ನಾಟಕ, ಮಕ್ಕಳ ಕೈಬರಹ ಪತ್ರಿಕೆಯಿಂದ ಟೈಪು ಮಾಡಿಸಿದ ಕತೆಗಳು ಎಲ್ಲ ಒಂದು ಪೆನ್‌ಡ್ರೈವಿನಲ್ಲಿ ಇದ್ದವು. ಯಾವುದನ್ನು ತೆರೆದರೂ ಗೊಜಲು. 'ಕನ್ನಡ' ಎಂಬ ಪದ ಇರಬೇಕಾದಲ್ಲಿ ಒಂದು ಪಿ, ಅದರ ಪಕ್ಕ ತಲೆಗೆ ಗೆರೆ ಎಳೆದ ಎ, ಮತ್ತೆ ಬ್ರಿಟಿಷ್ ಪೌಂಡಿನ ಚಿಹ್ನೆ. ನೀವೂ ನೋಡಿರುತ್ತೀರಿ. ಕಡತ ಹಾಳಾಗಿದೆ ಎಂದೇ ತಿಳಿದಿದ್ದೆ. ಹಾಳಾಗಿಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಚಿತ್ರ ಹೋಗಿ ಒಳಗಿನದ್ದು ಹೊರಗೆ ಕಾಣುತ್ತದೆ, ಅಷ್ಟೇ. ಈಗ ಎಲ್ಲ ಕಡೆ ಬಳಸುವುದು ಯುನಿಕೋಡ್, ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ ಕನ್ನಡಕ್ಕೆಂದೇ 128 ಮನೆಗಳ ಜಾಗ ಇದೆ. ಹಳೆಯದನ್ನು ಪರಿವರ್ತಕಕ್ಕೆ ಹಾಕಿದರೆ ಪ್ರತಿ ಅಕ್ಷರವೂ ತನ್ನ ಮನೆಗೆ ಹೋಗಿ ಕೂರುತ್ತದೆ.

ಪೂರ್ತಿ ಸರಿಯಾಗಿ ಬರುವುದಿಲ್ಲ. ಅರ್ಕಾವೊತ್ತು ಕೆಲವು ಕಡೆ ಜಾರುತ್ತದೆ, ಹಾಗಾಗಿ ಒಮ್ಮೆ ಕೂತು ಓದಲೇಬೇಕು. ಆದರೂ 2009ರ ಒಂದು ಕತೆ ತೆರೆದುಕೊಂಡಾಗ ನನಗೆ ಕಣ್ಣು ತುಂಬಿ ಬಂತು. ಬರೆದ ಹುಡುಗಿ ಆಗ ಐದನೇ ಕ್ಲಾಸು. ಈಗ ಅವಳ ಮಗ ನಮ್ಮ ಶಾಲೆಯಲ್ಲೇ ಒಂದನೇ ಕ್ಲಾಸಿನಲ್ಲಿದ್ದಾನೆ. ಪ್ರಿಂಟ್ ತೆಗೆದು ಅವನ ಚೀಲದಲ್ಲಿ ಹಾಕಿ ಕಳಿಸಿದೆ.

ಮೂರನೆಯ ವಾರ ಸ್ಪ್ರೆಡ್‌ಶೀಟ್. ಇದನ್ನು ತುಂಬಾ ಓಡಿಸಿದರು. ಒಂದೇ ರಾತ್ರಿಯಲ್ಲಿ ಹತ್ತು ಸೂತ್ರ. ಇಪ್ಪತ್ತರಲ್ಲಿ ಹನ್ನೆರಡು ಜನ ಆ ವಾರದ ಕೆಲಸ ಹಾಕಲೇ ಇಲ್ಲ. ನನಗೆ ಅದರಿಂದ ಉಳಿದದ್ದು ಒಂದೇ ಉಪಾಯ, ಅದನ್ನು ದಿನಾ ಬಳಸುತ್ತೇನೆ. ಮಕ್ಕಳ ಹೆಸರಿನ ಎದುರು ಅವರು ಗಟ್ಟಿಯಾಗಿ ಓದಿ ತೋರಿಸಿದ ತಾರೀಕು ಹಾಕುವುದು. ಎರಡು ವಾರ ದಾಟಿದರೆ ಆ ಮನೆ ತಾನಾಗಿ ಕೆಂಪಾಗುತ್ತದೆ. ಮಾತಾಡುವ ಮಕ್ಕಳು ತಾವಾಗಿ ಬಂದು ಓದುತ್ತಾರೆ. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂರುವವರು ಯಾರು ಎಂದು ಈಗ ಬಣ್ಣವೇ ಹೇಳುತ್ತದೆ.

ನಾಲ್ಕು ಮತ್ತು ಐದನೆಯ ವಾರ ಧ್ವನಿ. ನಾನು ಕಾದು ಕೂತದ್ದು ಇದಕ್ಕೇ.

ಕೆಲಸ ಹೀಗಿತ್ತು: ಮಕ್ಕಳ ದನಿಯಲ್ಲಿ ಮೂರು ನಿಮಿಷದ ಒಂದು ಪಾಠ ಮಾಡಿ. ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ವೇದಿಕೆಯಲ್ಲಿ ಕೇಳುವ ಮಾತು ಅದು, ಆದರೆ ನನ್ನ ಐದನೇ ಕ್ಲಾಸಿನ ಬೆಂಚುಗಳಲ್ಲಿ ನಿಜವಾಗಿಯೂ ಇದೆ. ಒಂದು ಪದಕ್ಕೆ ಅವರವರ ಮನೆಯಲ್ಲಿ ಏನು ಹೇಳುತ್ತಾರೆ ಎಂದು ಮಾತಾಡಿಸೋಣ ಎಂದುಕೊಂಡೆ. ಬೆಕ್ಕು. ತುಳುವಿನಲ್ಲಿ ಪುಚ್ಚೆ. ಹವ್ಯಕರ ಮನೆಯಲ್ಲೂ ಪುಚ್ಚೆ. ಮಲಯಾಳದಲ್ಲಿ ಪೂಚ್ಚ. ಕೊಂಕಣಿಯ ಹುಡುಗಿ ಮಾಜರ್ ಎಂದಳು. ನಾಯಿ ತುಳುವಿನಲ್ಲೂ ನಾಯಿಯೇ, ಮಲಯಾಳದಲ್ಲಿ ಪಟ್ಟಿ, ಕೊಂಕಣಿಯಲ್ಲಿ ಸುಣೆ. ಮಕ್ಕಳಿಗೆ ಖುಷಿಯೋ ಖುಷಿ. ಪಟ್ಟಿ ಎಂದರೆ ನಮಗೆ ಗಾಯಕ್ಕೆ ಕಟ್ಟುವುದು ಅಲ್ವಾ ಟೀಚರ್ ಎಂದು ಒಬ್ಬ ಕೇಳಿ ಇಡೀ ಕ್ಲಾಸು ನಕ್ಕಿತು.

ಜುಲೈ ತಿಂಗಳು. ನಮ್ಮ ಕ್ಲಾಸಿನ ಮೇಲೆ ಶೀಟಿನ ಮಾಡು. 'ಮಳೆ' ಎಂಬ ಪದಕ್ಕೆ ಬರುವಾಗ ನಿಜವಾದ ಮಳೆಯೇ ಬಂತು. ನಿಲ್ಲುವ ಲಕ್ಷಣ ಇಲ್ಲ, ಬೆಲ್ಲಿಗೆ ಇಪ್ಪತ್ತು ನಿಮಿಷ ಮಾತ್ರ ಉಳಿದಿದೆ. ಆದದ್ದಾಗಲಿ ಎಂದು ಮೇಜಿನ ಮೇಲೆ ಒಂದು ಬೈರಾಸು ಮಡಚಿಟ್ಟು ಅದರ ಮೇಲೆ ಫೋನ್ ಇಟ್ಟೆ. ಬಾಯಿಯಿಂದ ಒಂದು ಗೇಣು ದೂರ. ಮೊದಲು ಯಾರೂ ಮಾತಾಡದೆ ಹತ್ತು ಸೆಕೆಂಡು ಸುಮ್ಮನೆ ಕೂರಬೇಕು ಎಂದು ಕೋರ್ಸಿನಲ್ಲಿ ಹೇಳಿದ್ದರು, ಹಾಗೆಯೇ ಕೂತೆವು. ಮೂವತ್ತೊಂದು ಮಕ್ಕಳು ಉಸಿರು ಬಿಗಿ ಹಿಡಿದು ಕೂತದ್ದು, ಮೇಲೆ ಮಳೆ. ಆಮೇಲೆ ಕನ್ನಡ, ತುಳು, ಕೊಂಕಣಿ, ಮಲಯಾಳದವರು ಒಬ್ಬೊಬ್ಬರಾಗಿ ಬಂದರು. ಮಳೆ. ಬರ್ಸ. ಪಾವ್ಸ್. ಮೞ.

ಆ ಹತ್ತು ಸೆಕೆಂಡು ಯಾಕೆ ಎಂದು ರಾತ್ರಿ ಅಡಾಸಿಟಿಯಲ್ಲಿ ಕೂತಾಗ ಅರ್ಥವಾಯಿತು. ಅಡಾಸಿಟಿ ಧ್ವನಿ ತಿದ್ದುವ ಉಚಿತ ಸಾಫ್ಟ್‌ವೇರು, ಲಿನಕ್ಸಿನಲ್ಲೂ ಓಡುತ್ತದೆ. ಬರೀ ಮಳೆ ಇರುವ ತುಂಡನ್ನು ಮೊದಲು ಗುರುತು ಮಾಡಿ, ಇದು ಗದ್ದಲ ಎಂದು ಅದಕ್ಕೆ ತೋರಿಸಿಕೊಡಬೇಕು. ಆಮೇಲೆ ಪೂರ್ತಿ ಆಯ್ದುಕೊಂಡು ಆ ಗದ್ದಲವನ್ನು ಕಳೆ ಎನ್ನಬೇಕು. ಮಳೆಯ ಹಾಗೆ ಒಂದೇ ಸಮ ಇರುವ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಡುವೆ ಒಮ್ಮೆ ಕೂಗುವ ಕೋಳಿಗೆ ಮಾಡುವುದಿಲ್ಲ. ಎಷ್ಟು ಕಳೆಯಬೇಕು ಎಂಬಲ್ಲಿ ನಾನು 24 ಡೆಸಿಬೆಲ್ ಇಟ್ಟೆ. ಮಳೆ ಪೂರ್ತಿ ಹೋಯಿತು. ಆದರೆ ಮಕ್ಕಳ ದನಿ ಕೊಡಪಾನದೊಳಗಿಂದ ಬಂದ ಹಾಗಾಯಿತು. ಅದನ್ನೇ ಹಾಕಿದೆ.

ಮಾರನೆಯ ದಿನ ಉತ್ತರ ಬಂತು. ನಿವೃತ್ತ ಮಾಸ್ಟ್ರು ಮೂರೂ ನಿಮಿಷ ಕೇಳಿದ್ದರು. ಅವರು ಬರೆದದ್ದು: "ಟೀಚರೇ, 12ಕ್ಕೆ ಇಳಿಸಿ ನೋಡಿ. ಮಳೆ ಸ್ವಲ್ಪ ಇರಲಿ. ಮಕ್ಕಳು ಮಳೆ ಎಂದು ಹೇಳುವಾಗ ಹಿಂದೆ ಮಳೆ ಕೇಳಿದರೆ ತಪ್ಪೇನು? 1 ನಿಮಿಷ 40 ಸೆಕೆಂಡಿನಲ್ಲಿ ಒಂದು ಮಗು ಹೇಳಿದ ಪದ ಅರ್ಧಕ್ಕೆ ಕತ್ತರಿಸಿ ಹೋಗಿದೆ, ಅದನ್ನು ಸರಿ ಮಾಡಿ." 12ಕ್ಕೆ ಇಳಿಸಿದೆ. ದನಿ ದನಿಯ ಹಾಗೆ ಬಂತು. ಹಿಂದೆ ನಮ್ಮ ಶಾಲೆಯ ಮಾಡಿನ ಮೇಲಿನ ಮಳೆ. ನಾನು ಹಲಸಿನ ಮರದ ಬುಡದಲ್ಲಿ ನಿಂತು ಕಳಿಸಿದ್ದ ಗಾಳಿ ನೆನಪಾಯಿತು. ಆ ತಾಯಿಯ ಮಗು ಈಗ ಹೈಸ್ಕೂಲಿನಲ್ಲಿದೆ. ಅವರ ಮನೆಗೂ ಈ ಮೂರು ನಿಮಿಷ ಕಳಿಸಿದೆ.

ಅರ್ಧಕ್ಕೆ ಕತ್ತರಿಸಿದ ಪದ ಯಾವುದು ಗೊತ್ತಾ? 'ಮೞ'. ಮಲಯಾಳ ಮಾತಾಡುವ ಮನೆಯ ಹುಡುಗ. ಕನ್ನಡ ಪುಸ್ತಕದಲ್ಲಿ ಬರೆಯುವಾಗ ಅವನು ಮಳ ಎಂದು ಬರೆದಿದ್ದ, ಬರೆದು ಅಳಿಸಿದ್ದ. "ಟೀಚರ್, ನಾನು ಹೇಳುವ ಹಾಗೆ ಬರೆಯಲು ಅಕ್ಷರವೇ ಇಲ್ಲ." ನನಗೆ ಹಳಗನ್ನಡದ ೞ ಗೊತ್ತಿತ್ತು, ಕಂಪ್ಯೂಟರಿನಲ್ಲಿ ಬರಿಸಲು ಗೊತ್ತಿರಲಿಲ್ಲ. ಶನಿವಾರದ ಕ್ಲಾಸಿನಲ್ಲಿ ಕೇಳಿದೆ. ಕಂಪ್ಯೂಟರಿನ ಅಣ್ಣ ಅದನ್ನು ಪರದೆಯ ಮೇಲೆ ದೊಡ್ಡದಾಗಿ ತಂದು ನಿಲ್ಲಿಸಿದರು. ಯುನಿಕೋಡಿನ 128 ಮನೆಗಳಲ್ಲಿ ಅದಕ್ಕೂ ಒಂದು ಮನೆ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಇಟ್ಟ ಹೆಸರು ಮಾತ್ರ ತಪ್ಪು, ಫ ಎಂದು ಇಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಎಂಬ ನಿಯಮ ಇರುವುದರಿಂದ ಹಾಗೆಯೇ ಉಳಿದಿದೆ. ಸೋಮವಾರ ಬೋರ್ಡಿನಲ್ಲಿ ಬರೆದೆ: ಮೞೆ. ಸಾವಿರ ವರ್ಷದ ಹಿಂದೆ ಕನ್ನಡದವರೂ ಹೀಗೇ ಬರೆಯುತ್ತಿದ್ದರು, ನಿನ್ನ ಮನೆಯ ಅಕ್ಷರ ನಮ್ಮಲ್ಲೂ ಇತ್ತು ಎಂದೆ. ಅವನು ನೋಟ್‌ಪುಸ್ತಕದ ಹಿಂದಿನ ಪುಟ ತುಂಬಾ ೞ ಬರೆದ. ಉಳಿದವರು ಅದನ್ನು ಹೇಳಲು ಅವನ ಹತ್ತಿರ ಹೋಗಿ ಕಲಿತರು.

ಒಂದು ತಾಂತ್ರಿಕ ತೊಂದರೆ ಹೇಳಿಬಿಡುತ್ತೇನೆ, ನಿಮ್ಮ ಸಮಯ ಉಳಿಯುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಹೆಚ್ಚಾಗಿ ಎಂ4ಎ ಎಂಬ ರೂಪದಲ್ಲಿರುತ್ತದೆ. ಅಡಾಸಿಟಿ ಅದನ್ನು ತೆರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಎಂಬುದು ಜೊತೆಗೆ ಬೇಕು. ಇದು ಗೊತ್ತಿಲ್ಲದೆ ನನ್ನ ಎರಡು ರಾತ್ರಿ ಹೋಯಿತು.

ಮಕ್ಕಳ ದನಿ ರೆಕಾರ್ಡ್ ಮಾಡುವ ಮೊದಲೇ ರಕ್ಷಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ ಎಂದು ಕೋರ್ಸಿನವರು ಕಟ್ಟುನಿಟ್ಟಾಗಿ ಹೇಳಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ 18 ವರ್ಷದ ಒಳಗಿನವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎಂದಿದೆ. ಒಪ್ಪಿಗೆ ಪತ್ರದ ಮಾದರಿಯನ್ನು ಅವರೇ ಕನ್ನಡದಲ್ಲಿ ಕೊಟ್ಟರು. ನಾನು ಅದನ್ನು ಮಲಯಾಳದಲ್ಲೂ ಮಾಡಿಸಿ ಪಿಟಿಎ ಸಭೆಯಲ್ಲಿ ಓದಿ ಹೇಳಿದೆ. ಇಬ್ಬರು ಬೇಡ ಎಂದರು. ಆ ಇಬ್ಬರು ಮಕ್ಕಳು ಚಿತ್ರ ಬಿಡಿಸಿದರು. ಮಕ್ಕಳ ವೀಡಿಯೊವನ್ನು ಕೇಳದೆ ಸ್ಟೇಟಸ್ಸಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ ಇದೆ. ನಾನೂ ಹಾಕುತ್ತಿದ್ದೆ. ಈಗ ನಿಲ್ಲಿಸಿದ್ದೇನೆ.

ಆರನೆಯ ವಾರ ಎಚ್‌5ಪಿ. ಚಿತ್ರ, ಧ್ವನಿ, ಪ್ರಶ್ನೆ ಸೇರಿಸಿ ಮಕ್ಕಳು ಒತ್ತಿ ಒತ್ತಿ ಕಲಿಯುವ ಪಾಠ ಮಾಡುವುದು. ಇದರಲ್ಲಿ ಲುಮಿ ಎಂಬ ಸಣ್ಣ ಸಾಫ್ಟ್‌ವೇರ್ ತೋರಿಸಿದರು. ಅದರಲ್ಲಿ ಮಾಡಿದ್ದನ್ನು ಒಂದೇ ಕಡತವಾಗಿ ಉಳಿಸಬಹುದು, ಮತ್ತೆ ಇಂಟರ್‌ನೆಟ್ ಬೇಡ. ನೆಟ್ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ ಎನ್ನುವ ನಮ್ಮಂಥ ಊರಿಗೆ ಇದು ತುಂಬಾ ದೊಡ್ಡ ವಿಷಯ. ಮಕ್ಕಳು ಬಿಡಿಸಿದ ಚಿತ್ರದ ಮೇಲೆ ಬೆರಳಿಟ್ಟರೆ ಅವರದೇ ದನಿ ಬರುತ್ತದೆ. ಶಾಲಾ ದಿನ ಜಗಲಿಯಲ್ಲಿ ಇಟ್ಟಿದ್ದೆವು. ಒಬ್ಬರು ಅಜ್ಜಿ 'ಬರ್ಸ'ದ ಮೇಲೆ ಒತ್ತಿ, ತಮ್ಮ ಮೊಮ್ಮಗಳ ದನಿ ಎಂದು ಗೊತ್ತಾಗಿ, ಮತ್ತೆ ಮತ್ತೆ ಒತ್ತಿದರು.

ಏಳನೆಯ ವಾರ ಭೂಪಟ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಭೂಪಟದಲ್ಲಿ ಒಂದೇ ಊರಿಗೆ ಬೇರೆ ಬೇರೆ ಭಾಷೆಯ ಹೆಸರು ಬೇರೆ ಬೇರೆ ಖಾನೆಯಲ್ಲಿ ಹಾಕಬಹುದು. ಒಂದು ಹೆಸರು ಹಾಕಲು ಇನ್ನೊಂದನ್ನು ಅಳಿಸಬೇಕಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಎಂದು ಕನ್ನಡದಲ್ಲಿ ಸರಿಯಾಗಿ ಬರೆಯುವುದು ನಮ್ಮಂಥವರು ಮಾಡಬೇಕಾದ ಕೆಲಸ. ಏಳನೇ ಕ್ಲಾಸಿನ ಮಕ್ಕಳ ಜೊತೆ ಕೂತು ನಮ್ಮ ವಾರ್ಡಿನ ಕಟ್ಟ, ಗುಡ್ಡೆ, ಭಜನಾ ಮಂದಿರಗಳ ಹೆಸರು ಹಾಕಿದೆವು. ಗೋವಿಂದ ಪೈಗಳ ಮಂಜೇಶ್ವರದ ಮನೆಗೆ, ಗಿಳಿವಿಂಡಿಗೆ, ಪ್ರವಾಸ ಹೋದಾಗ ಅಲ್ಲಿಂದಲೇ ಭೂಪಟ ತೆರೆದು ನೋಡಿದರು.

ಕೊನೆಯ ವಾರ ಎಐ. ಒಂದೇ ರಾತ್ರಿಯ ಪಾಠ. 2024ರಲ್ಲಿ ಕೈಟ್ 80,000 ಅಧ್ಯಾಪಕರಿಗೆ ಎಐ ತರಬೇತಿ ಶುರು ಮಾಡಿತು, ಅದು ಎಂಟರಿಂದ ಹನ್ನೆರಡನೇ ಕ್ಲಾಸಿನವರಿಗೆ. ಯುಪಿಯವರಾದ ನಮಗೆ ಕುತೂಹಲ ಹಾಗೆಯೇ ಇತ್ತು. ಅಡಿಕೆ ತೋಟದ ಒಬ್ಬ ಹುಡುಗನ ಬಗ್ಗೆ ನಾಲ್ಕನೇ ಕ್ಲಾಸಿಗೆ ಒಂದು ಕತೆ ಬರೆಸಿ ನೋಡಿದೆ. ವಾಕ್ಯ ಚೆನ್ನಾಗಿತ್ತು. ಆದರೆ ಹುಡುಗ ಹಸಿವಾಗಿ ಅಡಿಕೆ ಮರ ಹತ್ತಿ ಹಣ್ಣು ತಿಂದ ಎಂದಿತ್ತು. ನಮ್ಮ ಮಕ್ಕಳು ಯಾರಾದರೂ ನಂಬುತ್ತಾರಾ? ಅದನ್ನೇ ಕ್ಲಾಸಿಗೆ ಒಯ್ದು ತಪ್ಪು ಹುಡುಕಿ ಎಂದೆ. ಏಳು ತಪ್ಪು ಹುಡುಕಿದರು. ಕೊಕ್ಕೆ, ಅಡಿಕೆ ಗೊನೆ, ಸುಲಿಯುವುದು, ಅಂಗಳದಲ್ಲಿ ಒಣಗಿಸುವುದು ಎಲ್ಲ ಸೇರಿಸಿ ಅವರೇ ಕತೆ ಮತ್ತೆ ಬರೆದರು. ಆ ದಿನ ಬರೆದಷ್ಟು ಅವರು ಯಾವತ್ತೂ ಬರೆದಿಲ್ಲ. ಈ ಪಾಠಕ್ಕೆ ಇನ್ನೂ ಎರಡು ರಾತ್ರಿ ಕೊಡಬೇಕಿತ್ತು.

ಇನ್ನು ಕೊರತೆಗಳು. ಪಾಠದ ವೀಡಿಯೊಗಳು ಉದ್ದ, ಕೆಲವು ನಲವತ್ತು ನಿಮಿಷ. ಹತ್ತು ಹತ್ತು ನಿಮಿಷಕ್ಕೆ ತುಂಡು ಮಾಡಿದರೆ ನಮ್ಮ ರೇಂಜಿಗೆ ಇಳಿಸಿಕೊಳ್ಳಲು ಸುಲಭ. ಕೆಲಸ ಹಾಕಲು ಭಾನುವಾರ ರಾತ್ರಿ ಹನ್ನೆರಡು ಗಂಟೆಯ ಗಡುವು. ಮಳೆಗಾಲದಲ್ಲಿ ಒಂದು ಮರ ಲೈನಿಗೆ ಬಿದ್ದರೆ ನಮ್ಮಲ್ಲಿ ಎರಡು ದಿನ ಕರೆಂಟಿಲ್ಲ. ಒಂದು ವಾರ ನನ್ನ ಕೆಲಸ ತಡವಾಗಿ ಹೋಯಿತು, ಅದಕ್ಕೆ ಟಿಪ್ಪಣಿ ಬರಲಿಲ್ಲ. ಬೇಸರವಾಯಿತು, ಹೇಳಿದೆ. ಮುಂದಿನ ತಂಡಕ್ಕೆ ಮೂರು ದಿನ ಹೆಚ್ಚು ಕೊಡುತ್ತೇವೆ ಎಂದರು. ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಅಭಿಪ್ರಾಯ ಬರೆಯಬೇಕು ಎಂಬ ಕ್ರಮವೂ ಇದೆ. ಅದು ನಡೆಯಲಿಲ್ಲ. ಎಲ್ಲರೂ "ಸೂಪರ್ ಟೀಚರ್" ಎಂದು ಬರೆದು ಮುಗಿಸುತ್ತಾರೆ. ನಾವು ಅಧ್ಯಾಪಕರು ಮಕ್ಕಳ ತಪ್ಪು ತಿದ್ದುತ್ತೇವೆ, ಒಬ್ಬರಿಗೊಬ್ಬರು ತಿದ್ದಿಕೊಳ್ಳಲು ನಮಗೆ ಸಂಕೋಚ. ಹೇಗೆ ಬರೆಯಬೇಕು ಎಂದು ಮೊದಲ ವಾರವೇ ಮಾದರಿ ತೋರಿಸಿದರೆ ಒಳ್ಳೆಯದಿತ್ತು. ಮತ್ತೆ, ಈ ಸರ್ಟಿಫಿಕೇಟು ಇಲಾಖೆಯ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕಾಗಿ ಸೇರುವವರು ಸೇರಬೇಡಿ.

ಸೇರುವವರಿಗೆ ಬೇಕಾದದ್ದು ಇಷ್ಟು. ಲ್ಯಾಪ್‌ಟಾಪ್ ಬೇಕೇ ಬೇಕು, ಫೋನಿನಲ್ಲಿ ಆಗುವುದಿಲ್ಲ. ಮೈಕ್ ಇರುವ ಹೆಡ್‌ಫೋನ್ ಒಂದು, ನನ್ನದು 350 ರೂಪಾಯಿಯದ್ದು, ಸಾಕಾಗಿದೆ. ಹಳೆಯ ಪೆನ್‌ಡ್ರೈವುಗಳನ್ನು ಎಸೆಯಬೇಡಿ, ಎರಡನೆಯ ವಾರಕ್ಕೆ ಬೇಕಾಗುತ್ತವೆ. ವಾರಕ್ಕೆ ಆರು ಗಂಟೆ ಹೋಗುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಡಿ. ಮುಂದಿನ ತಂಡ ಓಣಂ ರಜೆ ಕಳೆದು ಶುರು. ಲಿನಕ್ಸಿನಲ್ಲಿ ಕಗಪ ಹಾಕಿಕೊಳ್ಳುವುದನ್ನು ನಾನು ಎರಡು ಪುಟದಲ್ಲಿ ಚಿತ್ರ ಸಮೇತ ಬರೆದಿಟ್ಟಿದ್ದೇನೆ. ಈ ಸಲ ಅದನ್ನು ಪಾಠದ ಜೊತೆಗೇ ಕೊಡುತ್ತಾರಂತೆ.